ಸುನಾದ ಸ್ಟುಡಿಯೋದ ಹೆಣ್ಣುದನಿ

ಜನವರಿ 6, ಸೋಮವಾರ

ಇವತ್ತಿನಿಂದ ನಾನು ಕಲಾವಿದೆ. ಸದ್ಯಕ್ಕೆ ಈ ಮಾತು ಈ ನೋಟ್‌ಬುಕ್ಕಿನಲ್ಲಿ ಮಾತ್ರ ಇರಲಿ. ಮನೆಯಲ್ಲಿ ಹೇಳಿದರೆ ಮೊದಲು ಸಾರಿಗೆ ಉಪ್ಪು ಹಾಕು ಅನ್ನುತ್ತಾರೆ.

ರೇಡಿಯೋ ಕೇಂದ್ರದವರು ಉದ್ಘೋಷಕರು ಬೇಕಾಗಿದ್ದಾರೆಂದು ಪ್ರಕಟಿಸಿದ್ದಾರೆ. ತಿಂಗಳಿಗೆ ಐದಾರು ದಿನದ ಕೆಲಸ. ಮಗಳು ಸಿದ್ಧಿ ಮೊಬೈಲಿನಲ್ಲಿ ತೋರಿಸಿದಳು. ನನಗೀಗ ನಲವತ್ತಮೂರು. ಅವರು ಹೇಳಿದ ವಯಸ್ಸಿನ ಮಿತಿ ದಾಟಲು ಇನ್ನೂ ಎರಡು ವರ್ಷ ಇದೆ. ಇಷ್ಟು ದಿನ ನನಗಾಗಿಯೇ ಕಾದಿದ್ದರೇನೋ ಅನ್ನಿಸಿತು. ತಾಯಿ ಮಗಳು ಅರ್ಜಿ ತುಂಬಲು ಕುಳಿತೆವು. ಹೆಸರು ಅನುಸೂಯಾ, ಊರು ಬನಹಟ್ಟಿ, ಓದು ಬಿ.ಎ. ಎಲ್ಲ ಸರಾಗವಾಗಿ ಸಾಗಿತ್ತು. ಆಮೇಲೆ ‘ಅನುಭವ’ ಎಂಬ ಕಾಲಂ ಬಂತು.

“ಏನ್ ಬರೀಲಿ ಮಮ್ಮಿ?”

“ಇಪ್ಪತ್ತು ವರ್ಷ ಅಂತ ಬರಿ.”

“ಎದರಾಗ?”

ಹೇಳಿದೆ. ಬಸದಿಯಲ್ಲಿ ಶಾಸ್ತ್ರ ಓದುವುದು. ಮಹಿಳಾ ಮಂಡಳದ ಕಾರ್ಯಕ್ರಮಗಳ ನಿರೂಪಣೆ. ತೇರದಾಳದ ಸಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಭಾಷಣ ಸ್ಪರ್ಧೆಯಲ್ಲಿ ಎರಡನೇ ಬಹುಮಾನ. ಮೊದಲನೆಯದು ಹೆಡ್‌ಮಾಸ್ತರರ ಮಗಳಿಗೆ ಹೋಯಿತು, ಆ ಬಗ್ಗೆ ನಾನು ಮೂವತ್ತು ವರ್ಷದಿಂದ ಏನೂ ಹೇಳಿಲ್ಲ.

“ಇವೆಲ್ಲಾ ಅನುಭವ ಅಲ್ಲ ಮಮ್ಮಿ, ಹವ್ಯಾಸ. ಅದಕ್ಕ ಕೆಳಗ ಬ್ಯಾರೆ ಕಾಲಂ ಐತಿ.”

ಅರ್ಜಿ ಕಳಿಸಲು ಫೆಬ್ರವರಿ ಕೊನೆಯವರೆಗೂ ಸಮಯವಿದೆ. ಅಷ್ಟರೊಳಗೆ ಎಲ್ಲಿಂದಲಾದರೂ ಅನುಭವ ಸಂಪಾದಿಸಬೇಕು. ನೂಲಿನ ಅಂಗಡಿಯಿಂದ ಇವರು ಬಂದ ಮೇಲೆ ವಿಷಯ ಹೇಳಿದೆ. “ಏನರೆ ಮಾಡು. ಹೊತ್ತ ಮುಳಗೂದ್ರಾಗ ಊಟ ಆದ್ರ ಸಾಕು,” ಅಂದರು. ನಾವು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ, ನಿಜ. ಆದರೆ ಪಾರಿಸಪ್ಪ ಎಂಬ ಈ ಮನುಷ್ಯ ಇಪ್ಪತ್ತೆರಡು ವರ್ಷದಲ್ಲಿ ಊಟ ಬಾರದ ಒಂದು ಅಭಿಪ್ರಾಯವನ್ನೂ ಹೇಳಿಲ್ಲ.

ಜನವರಿ 9, ಗುರುವಾರ

ಸುನಾದ ರೆಕಾರ್ಡಿಂಗ್ ಸ್ಟುಡಿಯೋ ನಮ್ಮ ಊರಿನಲ್ಲೇ ಇದೆ. ಅದರ ಹೆಸರನ್ನು ಯಾರು ಇಟ್ಟರೋ. ಕೆಳಗೆ ಹದಿನಾಲ್ಕು ಪಾವರ್‌ಲೂಮುಗಳ ಶೆಡ್ಡು, ಅದರ ಮೇಲಿನ ಮಾಳಿಗೆಯಲ್ಲಿ ಸುನಾದ. ಗೋಡೆಗಳಿಗೆಲ್ಲ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದಾರೆ. ಆದರೂ ಮಗ್ಗ ನಡೆಯುವಾಗ ಮೈಕು ಮೇಜಿನ ಮೇಲೆ ತಾನಾಗಿಯೇ ಸರಿಯುತ್ತದೆ. ಹೀಗಾಗಿ ಕರೆಂಟು ಹೋದಾಗ ಮಾತ್ರ ರೆಕಾರ್ಡಿಂಗು. ಆಗ ಕೆಳಗೆ ಮಗ್ಗ ನಿಲ್ಲುತ್ತವೆ, ಮೇಲೆ ಬ್ಯಾಟರಿಯಲ್ಲಿ ಯಂತ್ರ ನಡೆಯುತ್ತದೆ. ಕರೆಂಟು ಹೋದರೆ ಖುಷಿಪಡುವ ಮನುಷ್ಯ ಇಡೀ ಬನಹಟ್ಟಿಯಲ್ಲಿ ಸುನಾದದ ಯಜಮಾನರು ಗಿರಿಮಲ್ಲಪ್ಪನವರೊಬ್ಬರೇ.

ಅವರಿಗೆ ಅರವತ್ತೆಂಟು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಈಗ ಆಟೋಗಳ ಮೇಲೆ ಕೂಗಿಸುವ ಜಾಹೀರಾತು ಮಾಡಿಕೊಡುತ್ತಾರೆ. ಅವರಲ್ಲಿ ಓದುತ್ತಿದ್ದ ರೇಷ್ಮಾ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಹೆಣ್ಣುದನಿಗೆ ಜಾಗ ಖಾಲಿ ಇತ್ತು.

“ಅನುಭವ ಐತೇನ್ರಿ?” ಎಂದು ಕೇಳಿದರು.

“ಅದನ್ನ ತಗೊಳ್ಳಾಕ ಬಂದೀನ್ರಿ,” ಅಂದೆ.

ಸೀರೆ ಸೇಲಿನ ಚೀಟಿ ಕೊಟ್ಟರು. ಕರೆಂಟಿಗಾಗಿ, ಅಂದರೆ ಅದು ಹೋಗುವುದಕ್ಕಾಗಿ, ಒಂದೂವರೆ ತಾಸು ಕಾದೆವು. ಹೋಯಿತು. ನಾನು ಉಸಿರು ತುಂಬಿಕೊಂಡು, ಒಂದೊಂದು ಅಕ್ಷರಕ್ಕೂ ಅದರದರ ಮರ್ಯಾದೆ ಕೊಟ್ಟು ಓದಿದೆ. ಒಂದು ಕೊಂಡರೆ ಒಂದು ಉಚಿತ ಎನ್ನುವಲ್ಲಿ ನನಗೇ ಕಣ್ಣು ತುಂಬಿತು. ಗಿರಿಮಲ್ಲಪ್ಪನವರು ಇಯರ್‌ಫೋನು ತೆಗೆದು ಬಹಳ ಹೊತ್ತು ಒರೆಸಿದರು.

“ಅಕ್ಕಾರ, ಸೀರಿ ಫುಕಟ್ ಐತಿ ಅಂತ ಹೇಳಾಕತ್ತೀರೋ, ಸೀರಿ ಉಟ್ಟಾಕಿ ತೀರಿಕೊಂಡ್ಲು ಅಂತ ಹೇಳಾಕತ್ತೀರೋ?”

ಬೆಳೆದ ಕಲಾವಿದರಿಗೂ ಆರಂಭದಲ್ಲಿ ಇಂಥ ಟೀಕೆ ಇದ್ದದ್ದೇ.

ಜನವರಿ 17, ಶುಕ್ರವಾರ

ನನ್ನ ಮೊದಲ ಕೆಲಸ ಊರೂರು ತಿರುಗಿತು. ಮುಧೋಳದ ಒಬ್ಬರ ಬೇಟೆನಾಯಿ ತಪ್ಪಿಸಿಕೊಂಡಿತ್ತು. “ಬಿಳಿ ಬಣ್ಣದ, ಮೂರು ವರ್ಷದ ಮುಧೋಳ ತಳಿಯ ನಾಯಿ ನಿನ್ನೆ ಸಂಜೆಯಿಂದ ಕಾಣುತ್ತಿಲ್ಲ.” ಇಷ್ಟೇ. ನಾನು ‘ಕಾಣುತ್ತಿಲ್ಲ’ ಎನ್ನುವ ಮೊದಲು ಸ್ವಲ್ಪ ತಡೆದೆ.

ಮಧ್ಯಾಹ್ನ ನಾಯಿಯ ಮಾಲೀಕರ ಫೋನು ಬಂತು. ಗಿರಿಮಲ್ಲಪ್ಪನವರು ಎಲ್ಲರಿಗೂ ಕೇಳುವಂತೆ ಹಚ್ಚಿದರು. “ನಾಯಿ ಮುಂಜಾನಿನ ತಾನ ಬಂತ್ರಿ. ಆದ್ರ ಮಂದಿ ಮಾತಾಡ್ಸಾಕ ಇನ್ನಾ ಬರಾಕತ್ತಾರ. ಒಬ್ಬಾಂವ ಹೂವಿನ ಮಾಲಿ ತಂದಾನ. ಗಾಡಿ ನಿಂದರಸ್ರಿ ಮೊದಲ!”

ಫೋನಿಟ್ಟ ಮೇಲೆ ಗಿರಿಮಲ್ಲಪ್ಪನವರು ನನ್ನನ್ನೇ ನೋಡುತ್ತ ಕುಳಿತರು. “ನಿಮ್ಮ ದನಿಗೆ ತಕ್ಕ ಕೆಲಸ ಒಂದ ಐತ್ರಿ. ಬ್ಯಾಡ ಅನಬ್ಯಾಡ್ರಿ.”

ಸಾವಿನ ಪ್ರಕಟಣೆ. ಯಾರು ತೀರಿಕೊಂಡರು, ಮಣ್ಣು ಕೊಡುವುದು ಎಷ್ಟು ಗಂಟೆಗೆ, ಎಲ್ಲಿ. ರಾಜಕುಮಾರ ಎಂಬವನ ಆಟೋ ಇದಕ್ಕೆಂದೇ ರಬಕವಿ ಬನಹಟ್ಟಿ ಎರಡೂ ಊರು ಸುತ್ತುತ್ತದೆ.

ಬೇಡ ಅನ್ನಲಿಲ್ಲ. ಅರ್ಜಿಯಲ್ಲಿ ‘ಪ್ರಕಟಣೆ ವಾಚನ’ ಎಂದಷ್ಟೇ ಬರೆದರಾಯಿತು.

ಜನವರಿ 24, ಶುಕ್ರವಾರ

ಈ ವಾರ ನಾಲ್ಕು. ರಾಜಕುಮಾರ ಹೇಳಿದ: “ಅಕ್ಕಾರ, ಮದ್ಲ ಗಾಡಿ ಹಾದ್ರ ಮಂದಿ ಕಣ್ಣೆತ್ತಿ ನೋಡ್ತಿರಲಿಲ್ಲ. ಈಗ ಹೆಣ್ಮಕ್ಕಳು ಹಿಟ್ಟಿನ ಕೈಲೆ ಹೊರಗ ಬರ್ತಾರ.”

ಇವರು ರೊಟ್ಟಿ ತಿನ್ನುತ್ತ ಕುಳಿತಿದ್ದಾಗ ಆಟೋ ನಮ್ಮ ಓಣಿಗೂ ಬಂತು. ತುತ್ತು ಕೈಯಲ್ಲೇ ನಿಂತಿತು. “ಯಾರು?” ಅಂದರು.

ನಾಚಿಕೆಯಿಂದ ಹೇಳಿದೆ. “ನಾನs ರೀ.”

“ಅದು ಗೊತ್ತಾತು. ತೀರಿಕೊಂಡಾವ್ರು ಯಾರು?”

ಹೇಳಿದೆ. ನಿಂತ ತುತ್ತನ್ನು ಬಾಯಿಗಿಟ್ಟು, “ಛಲೋ ಓದೀದಿ. ಪಲ್ಯ ಹಾಕು,” ಅಂದರು. ಇದನ್ನು ಹೊಗಳಿಕೆ ಎಂದು ತೆಗೆದುಕೊಂಡಿದ್ದೇನೆ.

ಜನವರಿ 28, ಮಂಗಳವಾರ

ನಾಲ್ಕು ದಿನವಾಯಿತು. ಊರಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಹೀಗಾದರೆ ಅನುಭವ ಹೇಗೆ ಬರಬೇಕು?

ಜನವರಿ 29, ಬುಧವಾರ

ನಿನ್ನೆ ಬರೆದದ್ದನ್ನು ಓದಿ ಗಾಬರಿಯಾಯಿತು. ಬಸದಿಗೆ ಹೋಗಿ ತಪ್ಪಾಯಿತೆಂದು ಕೈಮುಗಿದು ಬಂದೆ. ಮೆಟ್ಟಿಲು ಇಳಿಯುವಾಗ ಗಿರಿಮಲ್ಲಪ್ಪನವರ ಫೋನು. ಎರಡು.

ಫೆಬ್ರವರಿ 5, ಬುಧವಾರ

ಮನೆಯವರು ಬರೆದು ಕಳಿಸುವ ಚೀಟಿಗಳಲ್ಲಿ ಭಾಷೆಯೇ ಇರುವುದಿಲ್ಲ. “ಇವರ ಮಾವ, ಅವರ ಕಾಕಾ, ಇಂಥವರ ಬೀಗರು” ಎಂದು ಸಂಬಂಧಿಕರ ಪಟ್ಟಿ ಮುಗಿದ ಮೇಲೆ ಎಲ್ಲೋ ಕೊನೆಗೆ ಸತ್ತವರು ಬರುತ್ತಾರೆ. ನಾನೀಗ ತಿದ್ದುತ್ತಿದ್ದೇನೆ. ಉದ್ದವಾದದ್ದನ್ನು ಕತ್ತರಿಸುತ್ತೇನೆ, ಲಯ ಕೂಡಿಸುತ್ತೇನೆ. ನಿನ್ನೆ “ತುಂಬಿದ ಮನೆಯ ದೀಪವೊಂದು ಶಾಂತವಾಯಿತು” ಎಂದು ನಾನೇ ಸೇರಿಸಿದೆ. ಆ ಮನೆಯ ಸೊಸೆ, ಅತ್ತೆ ಶಾಂತ ಆಗಿದ್ದನ್ನು ತಾನು ಇದೇ ಮೊದಲು ಕೇಳಿದ್ದು ಅಂದಳಂತೆ.

ಗಿರಿಮಲ್ಲಪ್ಪನವರಿಗೆ ಇದು ಸೇರುವುದಿಲ್ಲ. “ಚೀಟ್ಯಾಗ ಇದ್ದಷ್ಟ ಓದ್ರಿ ಅಕ್ಕಾರ.”

ಹಾರ್ಮೋನಿಯಂ ನುಡಿಸುವವರಿಗೆ ಸಾಹಿತ್ಯ ಅರ್ಥವಾಗಬೇಕೆಂದು ನಾನು ಒತ್ತಾಯ ಮಾಡುವುದಿಲ್ಲ.

ಫೆಬ್ರವರಿ 12, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ರಬಕವಿಯಿಂದ ಚೀಟಿ ಬಂತು. ನೀಲಕಂಠಪ್ಪ ಎಂಬ ಹಿರಿಯರು ತೀರಿಕೊಂಡಿದ್ದರು. ಬಹುಪಾಲು ಆಯುಷ್ಯ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನೇಯ್ದು, ಹೋದ ವರ್ಷ ರಬಕವಿಯ ಮಗನ ಮನೆಗೆ ಬಂದವರು. ಇಲ್ಲಿ ಅವರ ಗುರುತು ಯಾರಿಗೂ ಇಲ್ಲವೆಂದು ಚೀಟಿಯಲ್ಲಿ ಹೀಗೆ ಬರೆದಿದ್ದರು: “ಬನಹಟ್ಟಿಯ ಚನಮಲ್ಲಪ್ಪನವರ ಹಿರಿಯ ಸಹೋದರರೂ, ಬಹುಕಾಲ ಇಚಲಕರಂಜಿಯಲ್ಲಿ ನೆಲೆಸಿದ್ದವರೂ ಆದ ನೀಲಕಂಠಪ್ಪನವರು ಇಂದು ಲಿಂಗೈಕ್ಯರಾದರು.”

ನನಗೆ ವಾಕ್ಯ ಉದ್ದವಾಯಿತು ಅನ್ನಿಸಿತು. ಕರೆಂಟು ಹೋಗಿತ್ತು, ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಚೀಟಿಯ ಹಿಂಬದಿಗೆ ಗಡಿಬಿಡಿಯಲ್ಲಿ ನನ್ನದೇ ರೀತಿಯಲ್ಲಿ ಬರೆದುಕೊಂಡೆ. “ಬಹುಕಾಲ ಇಚಲಕರಂಜಿಯಲ್ಲಿ ನೆಲೆಸಿದ್ದ, ಬನಹಟ್ಟಿಯ ಚನಮಲ್ಲಪ್ಪನವರು…” ಇಲ್ಲಿ ಒಂದು ದೀರ್ಘ ಮೌನ. “…ಇನ್ನಿಲ್ಲ.” ಆ ಮೌನ ಎಷ್ಟು ಚೆನ್ನಾಗಿ ಬಂತೆಂದರೆ, ಅದರೊಳಗೆ ಒಬ್ಬ ಮನುಷ್ಯ ಬಿದ್ದುಹೋದದ್ದು ನನಗೆ ತಿಳಿಯಲೇ ಇಲ್ಲ. ಗಿರಿಮಲ್ಲಪ್ಪನವರು ಬ್ಯಾಟರಿಯ ಕೆಂಪು ದೀಪ ನೋಡುತ್ತಿದ್ದರು. ಅವರಿಗೂ ತಿಳಿಯಲಿಲ್ಲ. ರೆಕಾರ್ಡಿನ ಜೊತೆ ಚೀಟಿಯೂ ರಾಜಕುಮಾರನ ಗಾಡಿಗೆ ಹೋಯಿತು.

ಹತ್ತೂವರೆಗೆ ರಾಜಕುಮಾರನ ಫೋನು. “ಅಕ್ಕಾರ, ಇಲ್ಲೊಬ್ರು ಗಾಡಿಗೆ ಅಡ್ಡ ನಿಂತಾರ. ತಾವs ಚನಮಲ್ಲಪ್ಪ ಅಂತಾರ. ಏನ್ ಮಾಡ್ಲಿ?”

ಅಷ್ಟರಲ್ಲಿ ಗಾಡಿ ಹನ್ನೆರಡು ಓಣಿ ಸುತ್ತಿತ್ತು. ಮೊಬೈಲುಗಳಲ್ಲಿ ಅವರ ಫೋಟೋಕ್ಕೆ ದೀಪ ಹಚ್ಚಿ, ಹೂವು ಸುರಿಸಿ, ಭಾವಪೂರ್ಣ ಶ್ರದ್ಧಾಂಜಲಿ ಬರೆದು ಕಳಿಸಿದ್ದರು. ಸಿದ್ಧಿಗೇ ಮೂರು ಕಡೆಯಿಂದ ಬಂದಿತ್ತು. ನಾನು ಕೌದಿಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟೆ. ಕೆಳಗೆ ಮಗ್ಗಗಳು ಶುರುವಾದವು. ಗಿರಿಮಲ್ಲಪ್ಪನವರು ಏನೋ ಹೇಳುತ್ತಿದ್ದರು, ಬಾಯಿ ಮಾತ್ರ ಕಾಣಿಸುತ್ತಿತ್ತು.

ಮನೆಗೆ ಬಂದು ಇವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಂಗಡಿಯ ಬೀಗದ ಕೈ ಹುಡುಕಿದರು. “ನಡಿ. ಅವರ ಮನಿಗೆ ಹೋಗೂಣು. ನಾನೂ ಬರ್ತೇನಿ.”

ಚನಮಲ್ಲಪ್ಪನವರ ಮನೆಗೆ ಬೀಗ. ಪಕ್ಕದ ಮನೆಯವರು, “ಮಣ್ಣಿಗೆ ಹೋಗ್ಯಾರ,” ಅಂದರು. ಹಿಂದಿರುಗಿ ಬಂದೆವು. ಹೊತ್ತು ಮುಳುಗಿತು, ಊಟ ಆಗಲಿಲ್ಲ. ಇವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಫೆಬ್ರವರಿ 13, ಗುರುವಾರ

ಸ್ಟುಡಿಯೋಕ್ಕೆ ಹೋಗುವುದಿಲ್ಲ. ಇನ್ನು ಹೋಗುವುದೇ ಇಲ್ಲ.

ಫೆಬ್ರವರಿ 15, ಶನಿವಾರ

ಚನಮಲ್ಲಪ್ಪನವರ ಮಗಳು ಶಿವವ್ವ ಮನೆಗೆ ಬಂದಿದ್ದಳು. ಬೀಳಗಿಗೆ ಕೊಟ್ಟ ಹೆಣ್ಣುಮಗಳು, ನನ್ನ ವಯಸ್ಸೇ. ಬಾಗಿಲಲ್ಲೇ ನಿಂತು ಕೇಳಿದಳು. “ನಮ್ಮಪ್ಪನ್ನ ಸಾಯಿಸಿದಾಕಿ ನೀವs ಏನು?”

ಹೌದು ಅಂದೆ.

ಅವಳು ಅವತ್ತು ಮೊಬೈಲಿನಲ್ಲಿ ಅಪ್ಪನ ಫೋಟೋ ನೋಡಿ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದ್ದಾಳೆ. ಅಪ್ಪನ ಫೋನು ಮನೆಯಲ್ಲಿ ಬಿದ್ದಿದೆ, ಯಾರೂ ಎತ್ತುವುದಿಲ್ಲ. ಬೀಳಗಿಯಿಂದ ಜಮಖಂಡಿಯವರೆಗೆ ಅತ್ತಿದ್ದಾಳೆ. ಕಂಡಕ್ಟರು ಟಿಕೀಟು ಕೇಳಲಿಲ್ಲವಂತೆ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೂ ಜೊತೆಗೆ ಅತ್ತಳಂತೆ. ಬನಹಟ್ಟಿಗೆ ಬಂದರೆ ಮನೆಗೆ ಬೀಗ.

“ಬಾಜೂ ಮನಿ ಮುದುಕಿ, ‘ನಿಮ್ಮಪ್ಪ ರಬಕವಿಗೆ ಮಣ್ಣಿಗೆ ಹೋಗ್ಯಾನ’ ಅಂದ್ಲು. ನಾ ಏನ್ ತಿಳ್ಕೋಬೇಕ್ರಿ? ರಬಕವಿ ರುದ್ರಭೂಮಿಗೆ ಓಡಿದೆ. ಅಲ್ಲಿ ನಮ್ಮಪ್ಪ ಕೈಯಾಗ ಮಣ್ಣ ಹಿಡ್ಕೊಂಡ ನಿಂತಾನ! ಎದಿಗೆ ಎರಡ ಗುದ್ದಿದೆ. ಎಲ್ಲಾರೂ ನೋಡಾಕತ್ತಿದ್ರು. ಅಂವ ಏನಂದಾ ಗೊತ್ತೇನ್ರಿ? ‘ಸಾವಕಾಶ ಬೇ, ಇದು ನಂದಲ್ಲ’ ಅಂದಾ.”

ಇಷ್ಟು ಹೇಳಿ ಅವಳಿಗೆ ಅಳುವೂ ನಗೆಯೂ ಒಟ್ಟಿಗೇ ಬಂದವು. ನಾನು ನಗಲಿಲ್ಲ. ಕ್ಷಮೆ ಕೇಳಲು ಮೂರು ಚೆಂದದ ವಾಕ್ಯ ಸಿದ್ಧ ಮಾಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. “ತಪ್ಪಾತ್ರಿ,” ಅಂದೆ, ಅಷ್ಟೇ. ನೀರು ಕೊಟ್ಟೆ, ಕುಡಿದಳು. ಹೋಗುವಾಗ, “ಅಷ್ಟ ಛಲೋ ದನಿ ಐತಿ ನಿಮಗ, ಸ್ವಲ್ಪ ನೋಡ್ಕೊಂಡ ಓದಬಾರದs?” ಎಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಫೆಬ್ರವರಿ 24, ಸೋಮವಾರ

ಇವತ್ತು ಗಿರಿಮಲ್ಲಪ್ಪನವರು ತಾವೇ ಮನೆಗೆ ಬಂದರು. ಜೊತೆಗೆ ಬಿಳಿ ಧೋತರದ, ನೆಟ್ಟನೆಯ ಒಬ್ಬ ಮುದುಕರು. “ಇವರs ನೋಡ್ರಿ, ತೀರಿಕೊಂಡಾವ್ರು,” ಎಂದು ಪರಿಚಯಿಸಿದರು.

ನಾನು ಕಾಲಿಗೆ ಬೀಳಲು ಹೋದೆ. ಚನಮಲ್ಲಪ್ಪನವರು ತಡೆದು ಕುರ್ಚಿಯಲ್ಲಿ ಕುಳಿತರು. ಚಹಾ ಬಂತು. ಬಸಿಗೆ ಸುರುವಿ, ಆರಿಸಿ, ಕುಡಿದು ಮುಗಿಸಿದರು. ಆಮೇಲೆ ಹೇಳಿದರು.

“ನಾ ಕಟ್ಟಿ ಮ್ಯಾಲ ಕುಂತಿದ್ದೆ. ಗಾಡಿ ಬಂತು. ಯಾರೋ ಪಾಪ ಹ್ವಾದ್ರಲ್ಲ, ಎಷ್ಟ ಛಂದ ಹೇಳಾಕತ್ತಾಳ ಅಂತ ಕಿವಿಗೊಟ್ಟೆ. ನನ್ನ ಹೆಸರs ಬಂತು! ಗಾಡಿ ನಿಂದರಿಸಿ ಆ ಡ್ರೈವರನ ಕಡೆ ಚೀಟಿ ಇಸ್ಕೊಂಡೆ. ಹಿಂದ ನನ್ನ ಹೆಸರು, ಮುಂದ ನಮ್ಮಣ್ಣಂದು.”

ಅಣ್ಣ ತಮ್ಮ ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ. ಕಾರಣ ಒಂದು ಕಿಟಕಿ. ಹಿರಿಯರ ಮನೆ ಹಂಚಿಕೊಂಡಾಗ ಅಣ್ಣ ತನ್ನ ಪಾಲಿನ ಗೋಡೆಯ ಕಿಟಕಿ ಮುಚ್ಚಿಸಿದರು. ತಮ್ಮನ ಅಡುಗೆಮನೆ ಕತ್ತಲಾಯಿತು. ಅಣ್ಣ ರಬಕವಿಗೇ ಬಂದು ಒಂದು ವರ್ಷವಾದರೂ ಇವರು ಹೋಗಲಿಲ್ಲ, ಅವರೂ ಬರಲಿಲ್ಲ. ಅಣ್ಣ ಸತ್ತಾಗ ಅವರ ಮಕ್ಕಳು ಹೇಳಿಕಳಿಸಲು ಅಂಜಿದ್ದರಂತೆ.

“ನಾನು ಸರಿಯಾಗಿ ಓದಿದ್ರೂ ನಿಮಗ ಗೊತ್ತಾಗ್ತಿತ್ತಲ್ರಿ,” ಅಂದೆ.

“ಗೊತ್ತಾಗ್ತಿತ್ತು. ಆದ್ರ ಹೋಗ್ತಿದ್ನೋ ಇಲ್ಲೋ, ಖರೆ ಹೇಳ್ತೇನಿ, ಗೊತ್ತಿಲ್ಲ. ಹ್ವಾದ್ರ ಹೋಗಲಿ ಅಂತ ಅಲ್ಲೇ ಕುಂದ್ರತಿದ್ನೋ ಏನೋ. ನನ್ನ ಹೆಸರ ಕೇಳಿ ಎದ್ದೆ ನೋಡ್ರಿ, ಎದ್ದ ಮ್ಯಾಲ ಮತ್ತ ಕುಂದ್ರಾಕ ಆಗಲಿಲ್ಲ.”

ಗಿರಿಮಲ್ಲಪ್ಪನವರು ಖಾಲಿ ಬಸಿ ಎತ್ತಿ ಕುಡಿಯುತ್ತಿದ್ದರು.

ಆಮೇಲೆ ಚನಮಲ್ಲಪ್ಪನವರು ಬಂದ ಕೆಲಸ ಹೇಳಿದರು. ತಮ್ಮ ಪ್ರಕಟಣೆಯನ್ನು ಈಗಲೇ ಸರಿಯಾಗಿ ಮಾಡಿಸಿ ಇಡಬೇಕು! “ಮುಂದ ನೀವು ಇರ್ತೀರೋ ಇಲ್ಲೋ, ರೇಡಿಯೋಕ್ಕ ಹೊಂಟೀರಿ ಅಂತ ಕೇಳೀನಿ. ಬ್ಯಾರೆ ಯಾರರೆ ಓದಿದ್ರ ನನಗ ಸೇರೂದಿಲ್ಲ. ಒಂದೆರಡ ತಿದ್ದಪಡಿ ಅದಾವು. ಇಚಲಕರಂಜಿ ತೆಗೀರಿ, ನಾ ಅಲ್ಲಿ ಒಂದ ರಾತ್ರಿನೂ ಮಲಗಿಲ್ಲ. ಆ ನಡುವ ಸುಮ್ಮ ಇರ್ತೀರಲ್ಲ, ಅದು ಇರಲಿ.”

ಇನ್ನು ಈ ಕೆಲಸ ಮಾಡುವುದಿಲ್ಲ ಎನ್ನಬೇಕೆಂದಿದ್ದೆ. ಬದಲಿಗೆ ಪೆನ್ನು ತಂದೆ. ಈ ಸಲ ಎಲ್ಲವನ್ನೂ ಕೇಳಿಯೇ ಬರೆಯಬೇಕೆಂದು, ಹುಟ್ಟಿದ್ದೆಲ್ಲಿ ಎಂಬಲ್ಲಿಂದ ಶುರು ಮಾಡಿದೆ. ಎರಡು ತಾಸು ಮಾತಾಡಿದರು. ಎಂಟನೇ ವಯಸ್ಸಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟದ್ದು, ನೆಲಕ್ಕೆ ಕಾಲು ಎಟುಕದೆ ಅಣ್ಣ ಕೆಳಗೆ ಇಟ್ಟಿಗೆ ಇಟ್ಟದ್ದು. ಹೆಂಡತಿಗೆ ಮೊದಲು ನೇಯ್ದ ಸೀರೆಯ ಸೆರಗಿನಲ್ಲಿ ಒಂದು ಎಳೆ ತಪ್ಪಿದ್ದು, ಅವಳು ಸಾಯುವವರೆಗೂ ಆ ಎಳೆ ತೋರಿಸಿ ನಕ್ಕದ್ದು. ಹನ್ನೆರಡು ಪುಟ ಆಯಿತು. ಪ್ರಕಟಣೆಗೆ ಸಿಗುವುದು ನಲವತ್ತು ಸೆಕೆಂಡು.

ಹನ್ನೆರಡು ಪುಟವನ್ನು ಕತ್ತರಿಸಲು ಕುಳಿತೆ. ಯಾವುದನ್ನೂ ತೆಗೆಯಲಾಗಲಿಲ್ಲ.

ಫೆಬ್ರವರಿ 27, ಗುರುವಾರ

ಅರ್ಜಿ ಕಳಿಸಿದೆ. ಅನುಭವ: ಪ್ರಕಟಣೆ ವಾಚನ, ಸುನಾದ ಸ್ಟುಡಿಯೋ. ಮಧ್ಯಾಹ್ನ ಚನಮಲ್ಲಪ್ಪನವರನ್ನು ಸ್ಟುಡಿಯೋಕ್ಕೆ ಕರೆಸಿ, ನೀವೇ ಹೇಳಿಬಿಡ್ರಿ ಎಂದು ಮೈಕಿನ ಮುಂದೆ ಕೂರಿಸಿದೆ. ಎರಡು ಸಲ ಕರೆಂಟು ಬಂದು ಹೋಗಿ ಮಾಡಿತು. ಆ ಇಟ್ಟಿಗೆಯ ಮಾತು ಈ ಸಲ ಬೇರೆ ರೀತಿ ಹೇಳಿದರು: ಇಟ್ಟಿಗೆ ತಂದದ್ದಷ್ಟೇ ಅಲ್ಲ, ತಾನು ಬೆಳೆದ ಹಾಗೆ ದಿನವೂ ಅದನ್ನು ಸರಿಸಿ ಸರಿಸಿ ಇಡುತ್ತಿದ್ದವನೂ ಅಣ್ಣನೇ. ನಾನು ಮಧ್ಯೆ ಬಾಯಿ ಹಾಕಿದ್ದರೆ ಇದು ಬರುತ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ

ಚನಮಲ್ಲಪ್ಪನವರು ಊರೆಲ್ಲ ಹೇಳಿದ್ದಾರೆ. ಕಟ್ಟೆಯ ಮೇಲಿನ ಮುದುಕರು ಒಬ್ಬೊಬ್ಬರಾಗಿ ಮಾಳಿಗೆ ಹತ್ತುತ್ತಿದ್ದಾರೆ. ಗಿರಿಮಲ್ಲಪ್ಪನವರು ಮೆಟ್ಟಿಲಿಗೆ ಹಿಡಿಕೆ ಹಾಕಿಸಿದರು.

ಇವತ್ತು ಚಿಕ್ಕಪಡಸಲಗಿಯಿಂದ ಒಬ್ಬ ಅಜ್ಜಿ ಬಂದಿದ್ದಳು. ಅಲ್ಲಿಯ ರೈತರು ತಾವೇ ಸೇರಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ನಮಗೆಲ್ಲ ಗೊತ್ತು. ನಾನು ಅದರ ಬಗ್ಗೆ ಕೇಳಿದೆ. ಅಜ್ಜಿ ಕೈ ಬೀಸಿ ಅಂದಳು: “ಕಲ್ಲ ಹೊತ್ತಾವ್ರನ್ನ ಎಲ್ಲಾರೂ ಕೇಳ್ಯಾರ. ರೊಟ್ಟಿ ಬಡದಾವ್ರನ್ನ ಯಾರ್ ಕೇಳ್ಯಾರ? ನನ್ನ ಕೇಳು.” ಕೇಳಿದೆ. ಮುಕ್ಕಾಲು ತಾಸು ರೊಟ್ಟಿಯದೇ ಮಾತು. ಒಲೆ ಯಾವ ಕಡೆ ಮುಖ ಮಾಡಿತ್ತು, ಹೊಳೆಯ ಗಾಳಿಗೆ ಬೆಂಕಿ ಹೇಗೆ ಓಡುತ್ತಿತ್ತು, ಯಾವ ಊರಿನವರು ಎಷ್ಟು ತಿಂದರು. ಅತಿ ಹೆಚ್ಚು ತಿಂದ ಊರಿನ ಹೆಸರು ಹೇಳಿ, ಅದನ್ನು ತೆಗೆಯಬೇಡ ಎಂದು ಆಣೆ ಮಾಡಿಸಿಕೊಂಡಳು. ತೆಗೆದಿಲ್ಲ.

ಮನೆಗೆ ಬರುವುದು ತಡವಾಯಿತು, ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು. ಇವರು ತಾವೇ ಅನ್ನಕ್ಕಿಟ್ಟಿದ್ದರು. ತಳ ಹತ್ತಿತ್ತು. “ಇವತ್ತ ಯಾರ್ ಬಂದಿದ್ರು?” ಎಂದು ಕೇಳಿದರು. ಹೇಳುತ್ತ ಹೇಳುತ್ತ ಇಬ್ಬರೂ ಸೀದ ಅನ್ನ ಉಂಡೆವು.

ಮಾರ್ಚ್ 20, ಗುರುವಾರ

ಬೀಳಗಿಯಿಂದ ಶಿವವ್ವನ ಫೋನು. ಮತ್ತೆ ಏನು ತಪ್ಪಾಯಿತೋ ಅಂದುಕೊಂಡೆ. ಅಪ್ಪನ ರೆಕಾರ್ಡು ಬೇಕಂತೆ. ಸಿದ್ಧಿ ಆಗಿಂದಾಗಲೇ ಕಳಿಸಿದಳು. ಸಂಜೆ ಮತ್ತೆ ಫೋನು ಮಾಡಿ, “ನಮ್ಮವ್ವನ ಸೀರಿ ಎಳಿ ತಪ್ಪಿದ್ದು ನನಗs ಗೊತ್ತಿರಲಿಲ್ಲರಿ. ಆ ಸೀರಿ ನನ್ನ ಕಡೆ ಐತಿ. ಈಗ ತೆಗದ ನೋಡಿದೆ. ಐತ್ರಿ,” ಎಂದಳು.

ಏಪ್ರಿಲ್ 16, ಬುಧವಾರ

ರೇಡಿಯೋ ಕೇಂದ್ರಕ್ಕೆ ಹೋಗಿ ಬಂದೆ. ಮೊದಲು ಸುದ್ದಿ ಓದಿಸಿದರು, ಆಮೇಲೆ ಮೂರು ಜನ ಮೇಜಿನಾಚೆ ಕುಳಿತು ಪ್ರಶ್ನೆ ಕೇಳಿದರು.

“ಪ್ರಕಟಣೆ ವಾಚನ ಅಂತ ಬರೆದಿದ್ದೀರಿ. ಯಾವ ಥರದ ಪ್ರಕಟಣೆ?”

“ಸಾವಿನವು ರೀ.”

“ಎಷ್ಟು ಓದಿದ್ದೀರಿ?”

“ಮೂವತ್ತೊಂದು. ಅದರಾಗ ಒಬ್ಬರು ಇನ್ನಾ ಅದಾರ.”

ನಡುವೆ ಕುಳಿತವರು ನೀರು ಕುಡಿಯುತ್ತಿದ್ದರು. ಆ ನೀರು ನನ್ನ ಅರ್ಜಿಯ ಮೇಲೆಲ್ಲ ಬಿತ್ತು.

ಅದಕ್ಕೂ ಮೊದಲು ಹೊರಗೆ ಕಾಯುವಾಗ ಪಕ್ಕದಲ್ಲಿ ಪ್ರತಿಮಾ ಎಂಬ ಹುಡುಗಿ ಇದ್ದಳು. ಹೆದರಿದ್ದಳು, ಮಾತಿಗೆಳೆದೆ. ಅವಳ ಅಜ್ಜ ಊರೂರಿಗೆ ಸೈಕಲ್ ಮೇಲೆ ಐಸ್‌ಕ್ಯಾಂಡಿ ಮಾರುತ್ತಿದ್ದರಂತೆ, ಅವರ ಹಾಗೆ ಕೂಗುವುದನ್ನು ತೋರಿಸಿದಳು. ಅದೆಷ್ಟು ಚೆಂದ! ನನ್ನ ಹೆಸರು ಎರಡು ಸಲ ಕರೆದರಂತೆ, ಜವಾನ ಬಂದು ಭುಜ ತಟ್ಟಿದ. ಅವಳ ಅಜ್ಜನ ನಂಬರು ಬರೆದುಕೊಂಡು ಬಂದಿದ್ದೇನೆ. ಎಂಬತ್ತಾರು ವರ್ಷ, ಬೇಗ ಹೋಗಬೇಕು.

ಮೇ 19, ಸೋಮವಾರ

ಇವತ್ತು ಬರೆಯಲು ಬಹಳ ಇದೆ.

ಬೆಳಿಗ್ಗೆ ಸ್ಟುಡಿಯೋಕ್ಕೆ ಹೋದರೆ ಹೊಸ ಬೋರ್ಡು. “ಇಲ್ಲಿ ಹಿರಿಯರ ಮಾತು ರೆಕಾರ್ಡ್ ಮಾಡಿಕೊಡಲಾಗುವುದು. ಕೇಳುವವರು: ಶ್ರೀಮತಿ ಅನುಸುಯಾ.” ನನ್ನ ‘ಸೂ’ಗೆ ದೀರ್ಘ ಇಲ್ಲ. ಪೇಂಟರು ಜಾಗ ಸಾಲಲಿಲ್ಲ ಅಂದನಂತೆ. ಇರಲಿ, ಚಿಕ್ಕದಾದರೂ ಓದಲು ಬರುತ್ತದೆ. ರೇಡಿಯೋದವರ ಪತ್ರವೂ ಬಂದಿದೆ, ಆಯ್ಕೆಯಾಗಿಲ್ಲ. ಸಿದ್ಧಿ ಬಹಳ ಬೇಜಾರಿನಿಂದ ಮುಖ ಊದಿಸಿಕೊಂಡಿದ್ದಳು, ಅವಲಕ್ಕಿ ಹಚ್ಚಿ ಕೊಟ್ಟು ಬಂದೆ. ಪ್ರತಿಮಾ ಆಯ್ಕೆಯಾಗಿದ್ದಾಳಂತೆ, ಫೋನು ಮಾಡಿದ್ದಳು.

ಹೇಳಬೇಕಾದದ್ದು ಗಿರಿಮಲ್ಲಪ್ಪನವರದು. ಬರಬೇಕಾದ ಹಿರಿಯರು ಬಿಸಿಲಿಗೆ ಬರಲಿಲ್ಲ. ಹನ್ನೆರಡಕ್ಕೆ ಕರೆಂಟು ಹೋಯಿತು. ಇಷ್ಟು ಒಳ್ಳೆಯ ಹೊತ್ತು ಸುಮ್ಮನೆ ಹೋಗುತ್ತದಲ್ಲ ಎಂದು, “ನೀವs ಕುಂದ್ರಿ ಇವತ್ತು,” ಅಂದೆ.

“ಛೆ ಛೆ. ನಾ ಈ ಕಡಿ ಕುಂದ್ರಾಂವ.”

“ಈ ಕಡಿ ನಾ ಕುಂದರ್ತೇನಿ. ಸಿದ್ಧಿ ಕಲಿಸ್ಯಾಳ.”

ನಾನು ಇಯರ್‌ಫೋನು ಹಾಕಿಕೊಂಡು ಕುಳಿತೇಬಿಟ್ಟೆ. ಅವರು ಟೊಪ್ಪಿಗೆ ತೆಗೆದರು, ಹಾಕಿದರು. ಮೈಕನ್ನು ಸರಿಯಾಗಿದ್ದ ಕಡೆಯಿಂದ ತಪ್ಪಾದ ಕಡೆಗೆ ತಿರುಗಿಸಿದರು. ನಾನು ಏನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ತಾವಾಗಿಯೇ ಶುರು ಮಾಡಿದರು.

ಕಂಪನಿ ಮುಧೋಳದಲ್ಲಿ ಕ್ಯಾಂಪ್ ಮಾಡಿದ್ದಾಗ ದೂತನ ಪಾತ್ರದವನಿಗೆ ಜ್ವರ ಬಂತು. ಹಾರ್ಮೋನಿಯಂ ಬಿಡಿಸಿ ಇವರಿಗೆ ಬಣ್ಣ ಹಚ್ಚಿದರು. ಒಂದೇ ಮಾತು: “ಮಹಾರಾಜರೆ, ಶತ್ರುಗಳು ಕೋಟೆಗೆ ಬಂದರು.” ಇಪ್ಪತ್ತಾರರ ಹುಡುಗ, ನಟನಾಗಬೇಕೆಂದೇ ಮನೆ ಬಿಟ್ಟು ಬಂದವನು. ಮೂರು ದಿನ ಅದೊಂದೇ ಮಾತು ಬಾಯಿಪಾಠ ಮಾಡಿದರಂತೆ. ರಂಗದ ಮೇಲೆ ರಾಜನ ಹೆಂಡತಿ ಸತ್ತು ಬಿದ್ದಿದ್ದಾಳೆ. ರಾಜ ಅಳುತ್ತಿದ್ದಾನೆ, ಜನವೂ ಅಳುತ್ತಿದ್ದಾರೆ. ಇವರು ಓಡಿ ಬಂದು ಮೊಣಕಾಲೂರಿ ಅಂದರು:

“ಮಹಾರಾಜರೆ, ಶತ್ರುಗಳು ಊಟಕ್ಕೆ ಬಂದರು.”

“ಅಲ್ಲಿ ಸತ್ತ ರಾಣಿನೂ ನಕ್ಕಳ್ರಿ,” ಎಂದರು ಗಿರಿಮಲ್ಲಪ್ಪನವರು, ಮೈಕಿಗೆ. “ನಗಿ ನಿಂದರವಲ್ದು. ಮರುದಿನ ಮಾಲಕರು ಕರದು, ‘ದಿನಾ ಹಿಂಗs ಹೇಳು, ಪಗಾರ ಹೆಚ್ಚ ಮಾಡ್ತೇನಿ’ ಅಂದ್ರು. ನಾ ಒಲ್ಲೆ ಅಂದೆ. ಹಾರ್ಮೋನಿಯಂ ಹಿಂದ ಹೋಗಿ ಕುಂತೆ. ಆಮ್ಯಾಲ ಈ ಮಶೀನಿನ ಹಿಂದ. ನಲವತ್ತೆರಡ ವರ್ಷ ಆತು. ಎಲ್ಲಾರ ದನಿನೂ ಹಿಡದೇನಿ, ನಂದು ಒಂದ ಬಿಟ್ಟು.”

ಇಷ್ಟು ಹೇಳಿ ನಿಲ್ಲಿಸಿದರು. ನಾನು ಅಲುಗಾಡಲಿಲ್ಲ. ಇನ್ನೂ ಏನೋ ಇದೆ ಅನ್ನಿಸಿತು. ಇತ್ತು. ಒಂದು ನಿಮಿಷದ ಮೇಲೆ ಎದ್ದು ನಿಂತರು, ಎದೆಯ ಮೇಲೆ ಕೈಯಿಟ್ಟರು. ಆಮೇಲೆ ಆ ಮಾತನ್ನು, ಇದ್ದದ್ದನ್ನು ಇದ್ದ ಹಾಗೆ, ಕೋಟೆಯೂ ಶತ್ರುಗಳೂ ಬಾಗಿಲಲ್ಲೇ ಇದ್ದ ಹಾಗೆ ಹೇಳಿದರು.

ಸಾಕು ಎಂದು ಕೈ ಮಾಡಿದರು. ಯಂತ್ರ ನಿಲ್ಲಿಸಿದೆ.

“ಊಟದ ಮಾತಿಗೆ ನಿಮಗ ನಗಿ ಬರಲಿಲ್ಲೇನ್ರಿ ಅಕ್ಕಾರ?” ಎಂದು ಕೇಳಿದರು, ಸ್ವಲ್ಪ ಬೇಸರದಿಂದಲೇ.

“ಬಂತ್ರಿ, ಹೊಟ್ಟಿ ಹಿಡ್ಕೊಂಡ ಕುಂತಿದ್ದೆ. ಮಶೀನ್ ಚಾಲೂ ಇತ್ತಲ್ರಿ. ನಿಮ್ಮ ಮಾತಿನ್ಯಾಗ ನನ್ನ ನಗಿ ಸೇರ್ತಿತ್ತು.”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಶುರುವಾದ ನಗೆ ಕರೆಂಟು ಬಂದು ಹದಿನಾಲ್ಕು ಮಗ್ಗಗಳು ಎದ್ದು ನಮ್ಮಿಬ್ಬರನ್ನೂ ಮುಳುಗಿಸುವವರೆಗೂ ನಿಲ್ಲಲಿಲ್ಲ.